ಆಗುಂಬೆ ಘಾಟಿಯಲ್ಲಿ ಬಿಸಿಯಾಗುತ್ತಿದ್ದ ಸಿವಿಟಿ: ಅಳತೆ, ಆಯಿಲ್ ಬದಲಾವಣೆ ಮತ್ತು ಕೂಲರ್ ಜೋಡಣೆ

ಉಡುಪಿಯಿಂದ ತೀರ್ಥಹಳ್ಳಿಗೆ ಹೋಗುವ 169ಎ ಹೆದ್ದಾರಿ ಸೋಮೇಶ್ವರ ದಾಟುತ್ತಲೇ ಆಗುಂಬೆಯ ಕಡೆಗೆ ಏರತೊಡಗುತ್ತದೆ. 14 ಹೇರ್‌ಪಿನ್ ತಿರುವುಗಳ ಆ ಘಾಟಿಯಲ್ಲಿ, ನಾಲ್ವರನ್ನೂ ಡಿಕ್ಕಿ ತುಂಬ ಸಾಮಾನನ್ನೂ ಹೊತ್ತಿದ್ದ ನನ್ನ 1.2 ಲೀಟರ್ ಪೆಟ್ರೋಲ್ ಸಿವಿಟಿ ಕಾರು (ಸಿವಿಟಿ ಎಂದರೆ ಹಲ್ಲಿನ ಗೇರುಗಳ ಬದಲು ಪುಲ್ಲಿ ಮತ್ತು ಬೆಲ್ಟ್ ಇರುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್) ಕಳೆದ ಏಪ್ರಿಲ್‌ನ ಒಂದು ಮಧ್ಯಾಹ್ನ, ಕೆಳಗಿನಿಂದ ಎಣಿಸಿದರೆ ಒಂಬತ್ತನೆಯ ತಿರುವಿನ ಆಚೆ, ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೂ ವೇಗ ಪಡೆಯದೆ ಹೋಯಿತು. ಎಂಜಿನ್ನಿನ ಸುತ್ತು ನಿಮಿಷಕ್ಕೆ 3000ದ ಹತ್ತಿರ ಕಟ್ಟಿಹಾಕಿದಂತೆ ನಿಂತಿತ್ತು. ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹೊತ್ತಿರಲಿಲ್ಲ. ಎಂಜಿನ್ ಉಷ್ಣತೆಯ ಮುಳ್ಳು ತನ್ನ ಮಾಮೂಲು ಜಾಗದಲ್ಲೇ ಇತ್ತು. ಸ್ವಲ್ಪ ಅಗಲವಾದ ಜಾಗ ನೋಡಿ ನಿಲ್ಲಿಸಿ, ಎಂಜಿನ್ ಆರಿಸದೆ ನ್ಯೂಟ್ರಲ್‌ನಲ್ಲಿ ಇಪ್ಪತ್ತು ನಿಮಿಷ ಬಿಟ್ಟ ಮೇಲೆ, ಏನೂ ಆಗಿಯೇ ಇಲ್ಲವೆಂಬಂತೆ ಕಾರು ಉಳಿದ ಘಾಟಿಯನ್ನು ಹತ್ತಿತು. ಆ ಇಪ್ಪತ್ತು ನಿಮಿಷಕ್ಕೆ ಕಾರಣ ಹುಡುಕುತ್ತ ಮುಂದಿನ ನಾಲ್ಕು ತಿಂಗಳಲ್ಲಿ ಮಾಡಿದ ಕೆಲಸದ ದಾಖಲೆ ಇದು.

ಊರಿಗೆ ಮರಳಿದ ಮೇಲೆ ಪರಿಚಯದ ಗ್ಯಾರೇಜಿಗೆ ಹೋಗಿ ವಿಷಯ ಹೇಳಿದೆ. “ಸಿವಿಟಿ ಅಂದ್ರೆ ಹಾಗೇ ಮಾರಾಯ್ರೆ, ಅದು ಘಾಟಿಗೆ ಹೇಳಿದ ಗಾಡಿ ಅಲ್ಲ” ಎಂದರು. ಆಯಿಲ್ ಬದಲಿಸಬಹುದೇ ಎಂದು ಕೇಳಿದ್ದಕ್ಕೆ, “ಅದು ಲೈಫ್‌ಟೈಮ್ ಆಯಿಲ್, ಮುಟ್ಲಿಕ್ಕೆ ಹೋಗ್ಬೇಡಿ” ಎಂಬ ಉತ್ತರ ಬಂತು. ಮನೆಗೆ ಬಂದು ಕಾರಿನ ಜೊತೆ ಕೊಟ್ಟ ಕೈಪಿಡಿಯನ್ನು ಮೊದಲ ಸಲ ಮನಸ್ಸಿಟ್ಟು ಓದಿದರೆ, ಬೆಟ್ಟದ ರಸ್ತೆ, ಹೆಚ್ಚಿನ ಸೆಕೆ, ನಿಂತು ನಿಂತು ಸಾಗುವ ಓಡಾಟ ಇವುಗಳಿಗೆಲ್ಲ ‘ಕಠಿಣ ಬಳಕೆ’ ಎಂಬ ಬೇರೆ ಪಟ್ಟಿಯೇ ಇತ್ತು. ಅಂಥ ಬಳಕೆಯಲ್ಲಿ ಗೇರ್‌ಬಾಕ್ಸ್ ಆಯಿಲ್ಲನ್ನು ಪರೀಕ್ಷಿಸಬೇಕು, ಅಗತ್ಯವಿದ್ದರೆ ಬದಲಿಸಬೇಕು ಎಂದೂ ಬರೆದಿತ್ತು. ಕರಾವಳಿಯಲ್ಲಿ ಮನೆ, ಘಟ್ಟದ ಮೇಲೆ ಅತ್ತೆಮನೆ ಇರುವ ನನ್ನಂಥವನ ಕಾರು ಹುಟ್ಟಿದಾಗಿನಿಂದಲೂ ಆ ಪಟ್ಟಿಯಲ್ಲೇ ಇದ್ದಂತೆ. ಆಗ ಓಡೋಮೀಟರ್ 71,000 ಕಿಲೋಮೀಟರ್ ತೋರಿಸುತ್ತಿತ್ತು. ಆಯಿಲ್ಲನ್ನು ಅದುವರೆಗೆ ಒಮ್ಮೆಯೂ ಬದಲಿಸಿರಲಿಲ್ಲ.

ಸಿವಿಟಿಯ ತತ್ವ ನಮಗೆ ಹೊಸದಲ್ಲ. 1984ರಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರಿನಲ್ಲಿ ಇದ್ದದ್ದೂ, ಇಂದು ಮನೆಮನೆಯ ಆಕ್ಟಿವಾದಲ್ಲಿ ಇರುವುದೂ ಇದೇ: ಎರಡು ಪುಲ್ಲಿ, ನಡುವೆ ಒಂದು ಬೆಲ್ಟ್, ಪುಲ್ಲಿಯ ಎರಡು ಶಂಕುಮುಖಗಳು ಹತ್ತಿರ ಬಂದಂತೆ ಬೆಲ್ಟ್ ಹೊರಕ್ಕೆ, ದೂರ ಸರಿದಂತೆ ಒಳಕ್ಕೆ. 1958ರಲ್ಲಿ ನೆದರ್ಲೆಂಡ್ಸಿನ ಡಾಫ್ ಕಂಪನಿ ತನ್ನ ಪುಟ್ಟ ಕಾರಿಗೆ ಅಳವಡಿಸಿದ್ದೂ ರಬ್ಬರ್ ಬೆಲ್ಟನ್ನೇ. ಈಗಿನ ಕಾರುಗಳಲ್ಲಿರುವುದು ಉಕ್ಕಿನ ಬೆಲ್ಟ್: ತೆಳುವಾದ ಉಕ್ಕಿನ ಪಟ್ಟಿಗಳ ಎರಡು ಕಟ್ಟುಗಳಿಗೆ ನೂರಾರು ಸಣ್ಣ ಉಕ್ಕಿನ ಬಿಲ್ಲೆಗಳನ್ನು ಒತ್ತೊತ್ತಾಗಿ ಪೋಣಿಸಿದ ಸರ. ಸ್ಕೂಟರಿನ ಬೆಲ್ಟ್ ಎಳೆಯುತ್ತದೆ. ಈ ಸರವಾದರೋ ಒಂದು ಬಿಲ್ಲೆ ಮುಂದಿನದನ್ನು ನೂಕುತ್ತ ಶಕ್ತಿಯನ್ನು ದಾಟಿಸುತ್ತದೆ. ತಂಪು ಮಾಡುವ ದೃಷ್ಟಿಯಿಂದ ದೊಡ್ಡ ವ್ಯತ್ಯಾಸವಿರುವುದು ಇಲ್ಲಿಯೇ. ಸ್ಕೂಟರಿನ ಬೆಲ್ಟಿಗೆ ಪುಲ್ಲಿಯ ಮೇಲಿನ ರೆಕ್ಕೆಗಳೇ ಗಾಳಿ ಬೀಸುತ್ತವೆ. ಕಾರಿನಲ್ಲಿ ಉಕ್ಕಿಗೆ ಉಕ್ಕು ಉಜ್ಜುವ ಜಾಗವನ್ನು ಕಾಯುವುದು ಆಯಿಲ್. ಪುಲ್ಲಿಯನ್ನು ಒತ್ತಿ ಹಿಡಿಯುವ ಹೈಡ್ರಾಲಿಕ್ ಶಕ್ತಿಯೂ ಅದೇ, ಬಿಸಿಯನ್ನು ಹೊರಗೆ ಸಾಗಿಸುವ ವಾಹಕವೂ ಅದೇ. ಬೆಲ್ಟ್ ಜಾರದಂತೆ ಇಂತಿಷ್ಟು ಹಿಡಿತ ಕೊಡಬೇಕೆಂದು ಈ ಆಯಿಲ್ಲನ್ನು ಬೇರೆಯಾಗಿ ತಯಾರಿಸಿರುತ್ತಾರೆ; ಆದ್ದರಿಂದ ಸಾಮಾನ್ಯ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಆಯಿಲ್ಲನ್ನು ಇದಕ್ಕೆ ಸುರಿಯಬಾರದು.

ಹಾಗಾದರೆ ಘಾಟಿಯಲ್ಲಿ ಅಷ್ಟು ಬಿಸಿ ಹುಟ್ಟುವುದೆಲ್ಲಿ? ನನ್ನ ಕಾರಿನಲ್ಲಿ ಎಂಜಿನ್ನಿಗೂ ಪುಲ್ಲಿಗೂ ನಡುವೆ, ಆಯಿಲ್ಲಿನ ಮೂಲಕ ಶಕ್ತಿಯನ್ನು ದಾಟಿಸುವ ಒಂದು ಟಾರ್ಕ್ ಕನ್ವರ್ಟರ್ ಇದೆ. ಸ್ವಲ್ಪ ವೇಗ ಬಂದ ಮೇಲೆ ಅದರೊಳಗಿನ ಲಾಕ್‌ಅಪ್ ಕ್ಲಚ್ ಬಿಗಿದುಕೊಂಡು ಎರಡನ್ನೂ ನೇರವಾಗಿ ಕೂಡಿಸುತ್ತದೆ. ಅದಕ್ಕಿಂತ ಕೆಳಗೆ ಎಂಜಿನ್ ಆಯಿಲ್ಲನ್ನು ಕಡೆಯುತ್ತಲೇ ಇರುತ್ತದೆ, ಕಡೆದ ಶಕ್ತಿಯಲ್ಲಿ ಒಂದು ಪಾಲು ಬಿಸಿಯಾಗಿ ಆಯಿಲ್ಲಿಗೇ ಸೇರುತ್ತದೆ. ತುಂಬಿದ ಬಸ್ಸಿನ ಹಿಂದೆ ನಡೆದುಹೋಗುವ ವೇಗದಲ್ಲಿ ಏರು ಹತ್ತುವಾಗ ಕಡೆತ ಅತಿ ಹೆಚ್ಚು, ರೇಡಿಯೇಟರಿಗೆ ತಾಗುವ ಗಾಳಿ ಅತಿ ಕಡಿಮೆ. ಆಯಿಲ್ ಮಿತಿ ಮೀರಿ ಕಾದಾಗ ಗೇರ್‌ಬಾಕ್ಸಿನ ಕಂಪ್ಯೂಟರ್ ಬೆಲ್ಟನ್ನು ಉಳಿಸಿಕೊಳ್ಳಲು ಎಂಜಿನ್ನಿನ ಶಕ್ತಿಯನ್ನೇ ಕಟ್ಟಿಹಾಕುತ್ತದೆ. ನನಗೆ ತೊಂದರೆಯಾಗಿ ಕಂಡದ್ದು ವಾಸ್ತವದಲ್ಲಿ ರಕ್ಷಣೆ.

ಇದನ್ನೆಲ್ಲ ಊಹೆಯಾಗಿ ಬಿಡದೆ ಅಳೆದು ನೋಡಬೇಕೆಂದು, ಸ್ಟೇರಿಂಗಿನ ಕೆಳಗಿನ, ಕಾರಿನ ಕಂಪ್ಯೂಟರಿನ ಅಂಕಿಗಳನ್ನು ಓದಲೆಂದೇ ಇರುವ ಓಬಿಡಿ ಸಾಕೆಟ್ಟಿಗೆ ಚುಚ್ಚುವ ಬ್ಲೂಟೂತ್ ಸ್ಕ್ಯಾನರ್ ತರಿಸಿದೆ. ಇಂಥ ಅಗ್ಗದ ಸ್ಕ್ಯಾನರುಗಳು ಎಂಜಿನ್ನಿನ ಅಂಕಿಗಳನ್ನು ಸುಲಭವಾಗಿ ತೋರಿಸುತ್ತವೆ, ಆದರೆ ಸಿವಿಟಿ ಆಯಿಲ್ಲಿನ ಉಷ್ಣತೆಯನ್ನು ಓದಲು ಆ ಗೇರ್‌ಬಾಕ್ಸಿನ ಭಾಷೆ ಬಲ್ಲ ಆ್ಯಪ್ ಬೇಕಾಗುತ್ತದೆ. ಮೇ ಮೊದಲ ವಾರ ಅದೇ ದಾರಿ, ಅಷ್ಟೇ ಭಾರ, ಮಧ್ಯಾಹ್ನದ ಅದೇ ಹೊತ್ತು. ಹೆಬ್ರಿಯವರೆಗಿನ ಸಮತಟ್ಟು ರಸ್ತೆಯಲ್ಲಿ 60 ಕಿಲೋಮೀಟರ್ ವೇಗಕ್ಕೆ ಆಯಿಲ್ 89 ಡಿಗ್ರಿಯಲ್ಲಿ ನೆಲೆ ನಿಂತಿತು. ಘಾಟಿಯ ಐದನೆಯ ತಿರುವಿನಲ್ಲಿ 104, ಎಂಟನೆಯದರಲ್ಲಿ ಲಾರಿಯೊಂದರ ಹಿಂದೆ ಸಿಕ್ಕಿಕೊಂಡಾಗ 113. 118 ತಲುಪಿದಾಗ ಕಾರು ಮತ್ತೆ ಸೋತಿತು. ಎಂಜಿನ್ನನ್ನು ತಂಪಾಗಿಡುವ ದ್ರವ, ಅಂದರೆ ಕೂಲಂಟ್, ಆಗ 101 ಇತ್ತು. ಡ್ಯಾಶ್‌ಬೋರ್ಡಿನ ಮುಳ್ಳು ಮಾತ್ರ ಅಲ್ಲಾಡಲಿಲ್ಲ. ಆ ಮುಳ್ಳು ಕೂಲಂಟಿಗೆ ಸಂಬಂಧಪಟ್ಟದ್ದು, ಅದೂ ನಡುವಿನ ದೊಡ್ಡ ಅಂತರದಲ್ಲಿ ಸುಮ್ಮನೆ ನಿಲ್ಲುವಂತೆ ಮಾಡಿದ್ದು.

ಆಯಿಲ್ಲನ್ನು ತಣಿಸುವ ಹೆಚ್ಚುವರಿ ಕೂಲರ್ ಕೊಳ್ಳುವ ಆಸೆ ಆಗಲೇ ಹುಟ್ಟಿತ್ತಾದರೂ, ಒಂದು ಸಲಕ್ಕೆ ಒಂದನ್ನೇ ಬದಲಿಸಿ ಮತ್ತೆ ಅಳೆಯುವುದೆಂದು ಮೊದಲೇ ನಿಶ್ಚಯಿಸಿಕೊಂಡಿದ್ದೆ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ಗುಣವಾಯಿತೆಂದು ಗೊತ್ತಾಗುವುದಿಲ್ಲ.

ಮೊದಲ ಕೆಲಸಕ್ಕೆ ನೀರು, ಕೂಲಂಟುಗಳ ಹೊರತು ಖರ್ಚೇನೂ ಇರಲಿಲ್ಲ. ನನ್ನ ಕಾರಿನಲ್ಲಿ ಆಯಿಲ್ ಎರಡು ಹೋಸ್‌ಗಳ ಮೂಲಕ ರೇಡಿಯೇಟರಿನ ಕೆಳಗಿನ ತೊಟ್ಟಿಯೊಳಗಿರುವ ಸಣ್ಣ ಕೂಲರಿಗೆ ಹೋಗಿ, ಅಲ್ಲಿ ಕೂಲಂಟಿಗೆ ಬಿಸಿಯನ್ನು ಒಪ್ಪಿಸಿ ಹಿಂದಿರುಗುತ್ತದೆ. ರೇಡಿಯೇಟರ್ ಸರಿಯಾಗಿ ಉಸಿರಾಡದಿದ್ದರೆ ಆಯಿಲ್ಲಿಗೂ ಉಳಿಗಾಲವಿಲ್ಲ. ಮುಂದಿನ ಬಂಪರ್ ಬಿಚ್ಚಿ ನೋಡಿದಾಗ ರೇಡಿಯೇಟರಿನ ಮುಂದಿರುವ ಎಸಿ ಕಂಡೆನ್ಸರಿನ ಮುಖ ಅಷ್ಟೇನೂ ಕೊಳಕಾಗಿರಲಿಲ್ಲ. ಆದರೆ ಮೇಲಿನ ಎರಡು ಬೋಲ್ಟ್ ತೆಗೆದು ಕಂಡೆನ್ಸರನ್ನು ಒಂದು ಗೇಣು ಮುಂದಕ್ಕೆ ವಾಲಿಸಿ, ಅದಕ್ಕೂ ರೇಡಿಯೇಟರಿಗೂ ನಡುವಿನ ಸಂದಿಯಲ್ಲಿ ಟಾರ್ಚ್ ಬಿಟ್ಟರೆ, ಕೆಳಗಿನ ಮೂರನೆಯ ಒಂದು ಭಾಗ ಕೆಂಪು ಮಣ್ಣು, ಹುಳದ ರೆಕ್ಕೆ, ಗಾಳಿಮರದ ಎಲೆಯ ಚೂರು ಎಲ್ಲವೂ ಹೆಪ್ಪುಗಟ್ಟಿ ಕಂಬಳಿಯಂತೆ ಮೆತ್ತಿಕೊಂಡಿತ್ತು. ಪ್ರೆಶರ್ ಪಂಪ್ ಹಿಡಿದರೆ ತೆಳ್ಳಗಿನ ಫಿನ್‌ಗಳು ಮಡಚಿಕೊಳ್ಳುತ್ತವೆ. ಆದ್ದರಿಂದ ತೋಟಕ್ಕೆ ಬಿಡುವ ಪೈಪಿನಿಂದ, ಹಿಂಬದಿಯಿಂದ ಮುಂಬದಿಗೆ, ನೀರು ತಿಳಿಯಾಗುವವರೆಗೆ ತೊಳೆದೆ. ಕೆಲಸ ಮುಗಿಯಲು ಒಂದೂವರೆ ಗಂಟೆ ಬೇಕಾಯಿತು. ಎಂಜಿನ್ ಪೂರ್ತಿ ತಣಿದಿದ್ದರಿಂದ ಹಳೆಯ ಕೂಲಂಟನ್ನೂ ಇಳಿಸಿ ಹೊಸದನ್ನು ತುಂಬಿ ಗಾಳಿ ತೆಗೆದೆ. ಇದಿಷ್ಟಕ್ಕೇ ಘಾಟಿಯ ಗರಿಷ್ಠ ಅಂಕಿ 118ರಿಂದ 111ಕ್ಕೆ ಇಳಿಯಿತು. ಏಳು ಡಿಗ್ರಿಯಷ್ಟು ಬಿಸಿ ನನ್ನ ಸೋಮಾರಿತನದ ಕೊಡುಗೆಯಾಗಿತ್ತು ಎನ್ನದೆ ವಿಧಿಯಿಲ್ಲ.

ಎರಡನೆಯದು ಆಯಿಲ್. ಕಾರನ್ನು ನಾಲ್ಕು ಸ್ಟ್ಯಾಂಡುಗಳ ಮೇಲೆ ಸಮತಟ್ಟಾಗಿ ನಿಲ್ಲಿಸಿ (ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳುವುದು ಸರ್ವಥಾ ಸಲ್ಲದು), ಡ್ರೈನ್ ಬೋಲ್ಟ್ ಬಿಚ್ಚಿದಾಗ ಬಂದದ್ದು ಕಷಾಯದ ಬಣ್ಣದ, ಸುಟ್ಟ ವಾಸನೆಯ ಅಂಚಿನಲ್ಲಿದ್ದ ದ್ರವ. ಹೊಸ ಡಬ್ಬಿಯದು ತಿಳಿ ಹಸಿರು. ಅಳತೆ ಪಾತ್ರೆಯಲ್ಲಿ 3.6 ಲೀಟರ್ ಬಂತು. ಹೊಸದನ್ನು ಅಷ್ಟೇ ತುಂಬಬೇಕೆಂಬುದಕ್ಕೆ ಅದೇ ಲೆಕ್ಕ. ಗೇರ್‌ಬಾಕ್ಸ್, ಕನ್ವರ್ಟರ್ ಎಲ್ಲ ಸೇರಿ ಒಟ್ಟು ಸುಮಾರು 7 ಲೀಟರ್ ಇರುವುದರಿಂದ, ಒಂದು ಸಲ ಇಳಿಸಿದರೆ ಅರ್ಧದಷ್ಟು ಹಳೆಯದೇ ಒಳಗುಳಿಯುತ್ತದೆ. ಹಾಗಾಗಿ ಮುನ್ನೂರು ಕಿಲೋಮೀಟರಿಗೆ ಒಂದರಂತೆ ಮೂರು ಸಲ ಇಳಿಸಿ ತುಂಬಿದೆ: ಮೊದಲ ಸಲದ ನಂತರ ಹಳೆಯದು ಅರ್ಧ, ಎರಡನೆಯದರ ನಂತರ ಕಾಲು, ಮೂರನೆಯದರ ನಂತರ ಎಂಟನೆಯ ಒಂದು ಪಾಲು ಎಂಬ ಲೆಕ್ಕ. ಒತ್ತಡದಿಂದ ಒಂದೇ ಸಲಕ್ಕೆ ತೊಳೆಯುವ ಯಂತ್ರಗಳೂ ಇವೆ. 71,000 ಕಿಲೋಮೀಟರ್ ಓಡುವವರೆಗೆ ಯಾರೂ ಕೈಹಚ್ಚದ ಗೇರ್‌ಬಾಕ್ಸಿಗೆ ಆ ಧಾವಂತ ನನಗೆ ಹಿಡಿಸಲಿಲ್ಲ.

ಮೂರನೆಯ ಸಲ ಕೆಳಗಿನ ತಟ್ಟೆಯನ್ನೂ, ಅಂದರೆ ಪ್ಯಾನನ್ನೂ ಬಿಚ್ಚಿದೆ. ಅದರ ತಳದಲ್ಲಿ ಎರಡು ದುಂಡನೆಯ ಅಯಸ್ಕಾಂತಗಳಿದ್ದು, ಎರಡರ ಮೇಲೂ ಕಾಡಿಗೆಯಂಥ ಕಪ್ಪು ಮುದ್ದೆ ಬೆರಳ ಉಗುರಿನ ದಪ್ಪಕ್ಕೆ ಕೂತಿತ್ತು. ಅದನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುವುದು ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ ಪರೀಕ್ಷೆ. ಬೆಣ್ಣೆಯಂತೆ ನುಣ್ಣಗಿದ್ದರೆ ಅದು ಉಕ್ಕಿನ ಸಹಜ ಸವೆತದ ಹಿಟ್ಟು. ಬೆರಳಿಗೆ ರವೆಯಂತೆ ಚುಚ್ಚಿದರೆ, ಟಾರ್ಚಿನ ಬೆಳಕಿಗೆ ಚೂರುಗಳು ಮಿನುಗಿದರೆ, ಬೆಲ್ಟೋ ಪುಲ್ಲಿಯೋ ಬೇರಿಂಗೋ ತಿನ್ನಿಸಿಕೊಳ್ಳುತ್ತಿದೆ ಎಂದರ್ಥ, ಆಗ ಕೂಲರ್ ಹಾಕುವ ಮಾತೇ ವ್ಯರ್ಥ. ನನ್ನದು ನುಣ್ಣಗಿತ್ತು. ಅಯಸ್ಕಾಂತಗಳನ್ನು ಒರೆಸಿ, ಜಾಲರಿಯ ಫಿಲ್ಟರನ್ನೂ ಗ್ಯಾಸ್ಕೆಟ್ಟನ್ನೂ ಬದಲಿಸಿ, ಪ್ಯಾನಿನ ಬೋಲ್ಟುಗಳನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡಲಾಗಿ 8 ನ್ಯೂಟನ್ ಮೀಟರಿಗೆ, ಹೊಸ ವಾಷರ್ ಹಾಕಿದ ಡ್ರೈನ್ ಬೋಲ್ಟನ್ನು 34 ನ್ಯೂಟನ್ ಮೀಟರಿಗೆ ಬಿಗಿದೆ. ಇವು ನನ್ನ ಕಾರಿನ ದುರಸ್ತಿ ಕೈಪಿಡಿಯ ಅಂಕಿಗಳು. ಬೇರೆ ಗೇರ್‌ಬಾಕ್ಸಿಗೆ ಬೇರೆ ಇರುತ್ತವೆ. ಗ್ಯಾರೇಜುಗಳಲ್ಲಿ ಕೈ ಒರೆಸಲು ಇಟ್ಟಿರುವ ವೇಸ್ಟ್ ನೂಲನ್ನು ಈ ಪ್ಯಾನಿನ ಹತ್ತಿರಕ್ಕೂ ತರಬಾರದು, ಏಕೆಂದರೆ ಅದರ ಒಂದು ಎಳೆ ಸಾಕು ಒಳಗಿನ ಸೂಕ್ಷ್ಮ ಕವಾಟವೊಂದನ್ನು ಸಿಕ್ಕಿಸಲು.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡಿದ್ದು ಆಯಿಲ್ಲಿನ ಮಟ್ಟ ನೋಡುವುದು. ಈ ಗೇರ್‌ಬಾಕ್ಸಿಗೆ ಅಳೆಯುವ ಕಡ್ಡಿಯಿಲ್ಲ. ಎಂಜಿನ್ ಓಡುತ್ತಿರಬೇಕು, ಗೇರ್ ಲಿವರನ್ನು ಪ್ರತಿ ಸ್ಥಾನದಲ್ಲೂ ಹತ್ತು ಸೆಕೆಂಡಿನಷ್ಟು ನಿಲ್ಲಿಸಿ ಪಾರ್ಕಿಗೆ ತರಬೇಕು, ಆಯಿಲ್ 35ರಿಂದ 45 ಡಿಗ್ರಿಯ ನಡುವೆ ಇರುವಾಗ ಮಟ್ಟದ ಬೋಲ್ಟ್ ಬಿಚ್ಚಬೇಕು. ಧಾರೆಯಾಗಿ ಸುರಿಯುವ ಆಯಿಲ್ ತೊಟ್ಟಿಕ್ಕುವ ಹದಕ್ಕೆ ಬಂದ ಕ್ಷಣ ಮುಚ್ಚಬೇಕು. ಬಿಸಿಯಾದಂತೆ ಆಯಿಲ್ ಉಬ್ಬುವುದರಿಂದ ಉಷ್ಣತೆ ತಪ್ಪಿದರೆ ಮಟ್ಟವೂ ತಪ್ಪುತ್ತದೆ. ಕಡಿಮೆಯಾದರೆ ಪಂಪ್ ಗಾಳಿ ಎಳೆಯುತ್ತದೆ. ಹೆಚ್ಚಾದರೆ ತಿರುಗುವ ಭಾಗಗಳು ಆಯಿಲ್ಲನ್ನು ಬಡಿದು ನೊರೆ ಎಬ್ಬಿಸುತ್ತವೆ, ನೊರೆ ಬಿಸಿಯನ್ನೂ ಸಾಗಿಸದು, ಒತ್ತಡವನ್ನೂ ಹಿಡಿಯದು. ಉಡುಪಿಯ ಮೇ ತಿಂಗಳಲ್ಲಿ ಮಧ್ಯಾಹ್ನ ಶೆಡ್ಡಿನಲ್ಲಿ ನಿಂತ ಕಾರಿನ ಆಯಿಲ್ಲೇ 34 ಡಿಗ್ರಿ ಇರುತ್ತದೆ. ಎಂಜಿನ್ ಚಾಲೂ ಮಾಡಿ ಲಿವರ್ ಆಡಿಸಿ ಕೆಳಗೆ ನುಸುಳುವಷ್ಟರಲ್ಲಿ 45 ದಾಟಿಹೋಗಿತ್ತು. ಎರಡು ಸಲ ಹೀಗೆ ಸೋತು, ಮೂರನೆಯ ದಿನ ಬೆಳಗಿನ ಐದೂವರೆಗೆ, ಮಗನನ್ನು ಸ್ಕ್ಯಾನರ್ ಓದಲು ಸೀಟಿನಲ್ಲಿ ಕೂರಿಸಿ ಕೆಲಸ ಮುಗಿಸಿದೆ. “ಮೂವತ್ತೊಂಬತ್ತು... ನಲ್ವತ್ತು ಅಪ್ಪಾ, ಬೇಗ” ಎಂದು ಅವನು ಕೂಗುತ್ತಿದ್ದುದಕ್ಕೆ ಪಕ್ಕದ ಮನೆಯವರು ಗೇಟಿನವರೆಗೆ ಬಂದು ನೋಡಿ ಹೋದರು.

ಕೆಲವು ಸಿವಿಟಿಗಳ ಕಂಪ್ಯೂಟರ್ ಆಯಿಲ್ ಉಂಡ ಬಿಸಿಯನ್ನೆಲ್ಲ ಕೂಡಿಸುತ್ತ ‘ಹಾಳಾದ ಪ್ರಮಾಣ’ ಎಂಬ ಒಂದು ಅಂಕಿಯನ್ನು ಇಟ್ಟುಕೊಂಡಿರುತ್ತದೆ. ನನ್ನದರಲ್ಲೂ ಇತ್ತು, ಆಯಿಲ್ ಬದಲಿಸಿದ ಮೇಲೆ ಅದನ್ನು ಸೊನ್ನೆ ಮಾಡಿದೆ. ಘಾಟಿಯ ಗರಿಷ್ಠ ಅಂಕಿ ಹೊಸ ಆಯಿಲ್ಲಿನಿಂದ ಇಳಿದದ್ದು ಎರಡೇ ಡಿಗ್ರಿ, 109ಕ್ಕೆ. ಆದರೆ ಸಿಗ್ನಲ್ಲಿನಿಂದ ಹೊರಡುವಾಗ ವರ್ಷದಿಂದ ಇದ್ದ ಸಣ್ಣ ನಡುಕ ಹೋಯಿತು. ಹೊಸ ಆಯಿಲ್ ಬಿಸಿಯನ್ನು ಅಷ್ಟಾಗಿ ಇಳಿಸುವುದಿಲ್ಲ, ಬಿಸಿಯನ್ನು ತಾಳಿಕೊಳ್ಳುತ್ತದೆ.

ಇಷ್ಟಾದ ಮೇಲೂ 109 ಎಂಬುದು ನೆಮ್ಮದಿಯ ಅಂಕಿಯಾಗಿರಲಿಲ್ಲವಾದ್ದರಿಂದ ಕೂಲರಿಗೆ ಕೈ ಹಾಕಿದೆ. ಕೊಂಡದ್ದು ಅಲ್ಯುಮಿನಿಯಂ ಪದರಗಳನ್ನು ಒಂದರ ಮೇಲೊಂದು ಜೋಡಿಸಿದ ಬಗೆಯದು, ಸುಮಾರು ಒಂದು ಅಡಿ ಅಗಲ, ಹತ್ತು ಪದರ. ಇಂಥ ಕೂಲರುಗಳ ಜೊತೆ ಕಂಡೆನ್ಸರಿನ ಫಿನ್‌ಗಳ ನಡುವೆ ತೂರಿಸಿ ಕಟ್ಟಲು ಪ್ಲಾಸ್ಟಿಕ್ ಕಡ್ಡಿಗಳನ್ನು ಕೊಡುತ್ತಾರೆ. ಅವನ್ನು ಎಸೆದೆ, ನಮ್ಮ ರಸ್ತೆಗಳ ಕುಲುಕಾಟಕ್ಕೆ ಅವು ಉಜ್ಜಿ ಉಜ್ಜಿ ಕಂಡೆನ್ಸರನ್ನೇ ತೂತು ಮಾಡುವ ಅಪಾಯವಿದೆ. ಬದಲಿಗೆ ಎರಡು ಮಿಲಿಮೀಟರ್ ದಪ್ಪದ ಪಟ್ಟಿಯಿಂದ ನಾಲ್ಕು ಎಲ್ ಆಕಾರದ ಬ್ರಾಕೆಟ್ ಮಾಡಿಸಿ, ರೇಡಿಯೇಟರನ್ನು ಹಿಡಿದಿರುವ ಚೌಕಟ್ಟಿಗೆ ರಬ್ಬರ್ ಬುಷ್ ಕೊಟ್ಟು ಬಿಗಿದು, ಕಂಡೆನ್ಸರಿಗೂ ಕೂಲರಿಗೂ ನಡುವೆ ಒಂದು ಬೆರಳಿನ ಸಂದಿ ಬಿಟ್ಟೆ. ಒಳಗೆ ಗಾಳಿ ಸಿಕ್ಕಿಕೊಳ್ಳದಂತೆ ಎರಡೂ ಬಾಯಿಗಳನ್ನು ಮೇಲ್ಮುಖವಾಗಿ ಇಟ್ಟೆ.

ಹೋಸ್ ವಿಷಯದಲ್ಲಿ ಜಿಪುಣತನ ಕೂಡದು. ಅಂಗಡಿಯಲ್ಲಿ ಮೊದಲು ತೋರಿಸಿದ್ದು ಪೆಟ್ರೋಲ್ ಪೈಪು. ಅದು ಗೇರ್‌ಬಾಕ್ಸಿನ ಬಿಸಿ ಆಯಿಲ್ಲಿಗೆ ಮೆತ್ತಗಾಗಿ ಒಂದು ದಿನ ಕ್ಲಿಪ್ಪಿನಿಂದ ಜಾರುತ್ತದೆ. ಎಸ್‌ಎಇ ಜೆ 1532 ಎಂದು ಮೈಮೇಲೆ ಅಚ್ಚಿರುವ, ಗೇರ್‌ಬಾಕ್ಸ್ ಕೂಲರಿಗೆಂದೇ ಮಾಡಿದ ಹೋಸ್ ಬೇಕು, ಒಳ ಅಗಲ ಮೂಲ ಹೋಸಿನಷ್ಟೇ ಇರಬೇಕು. ಕಿರಿದಾದರೆ ಹರಿವು ಕುಗ್ಗುತ್ತದೆ. ಎರಡರಲ್ಲಿ ಗೇರ್‌ಬಾಕ್ಸಿಗೆ ಮರಳುವ ಹೋಸ್ ಯಾವುದೆಂದು ತಿಳಿಯಲು, ಬಿಸಿ ಕಾರಿನಲ್ಲಿ ಎರಡರ ಮೇಲೂ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದೆ: ಒಂದು 91, ಇನ್ನೊಂದು 83. ತಣ್ಣಗಿನದೇ ಮರಳುವುದು. ಅದನ್ನು ಕತ್ತರಿಸಿ, ರೇಡಿಯೇಟರಿನಿಂದ ಹೊರಟ ಆಯಿಲ್ ಹೊಸ ಕೂಲರಿನಲ್ಲಿ ಸುತ್ತಿ ಗೇರ್‌ಬಾಕ್ಸಿಗೆ ಸೇರುವಂತೆ ಜೋಡಿಸಿದೆ. ಹೋಸ್ ಲೋಹಕ್ಕೆ ತಾಗುವ ಕಡೆಯಲ್ಲೆಲ್ಲ ಹಳೆಯ ಹೋಸನ್ನು ಸೀಳಿ ಕವಚ ತೊಡಿಸಿದೆ. ಕೂಲರ್ ಮತ್ತು ಹೋಸ್ ತುಂಬಲು ಹೆಚ್ಚುವರಿಯಾಗಿ ಸುಮಾರು 350 ಮಿಲಿಲೀಟರ್ ಆಯಿಲ್ ಬೇಕಾಯಿತು, ಅಂದರೆ ಬೆಳಗಿನ ಐದೂವರೆಯ ಪೂಜೆ ಮತ್ತೊಮ್ಮೆ ನಡೆಯಿತು.

ಜೂನ್ ಮೊದಲ ವಾರ, ಮಳೆ ಹಿಡಿಯುವ ಮುನ್ನ, ಅದೇ ಘಾಟಿಯಲ್ಲಿ ಗರಿಷ್ಠ ಅಂಕಿ 94. ಎಸಿ ನಿಲ್ಲಿಸಿದರೆ ಗೇರ್‌ಬಾಕ್ಸಿಗೆ ಒಳ್ಳೆಯದೆಂಬ ಮಾತನ್ನೂ ಪರೀಕ್ಷಿಸಿದೆ. ಬಸ್ಸಿನ ಹಿಂದೆ ತೆವಳುವಾಗ ಎಸಿ ಆರಿಸಿದರೆ ನನ್ನ ಕಾರಿನಲ್ಲಿ ಅಂಕಿ ಏರಿತು, ಇಳಿಯಲಿಲ್ಲ. ಏಕೆಂದರೆ ಎಸಿ ಚಾಲೂ ಇದ್ದಾಗ ಮಾತ್ರ ರೇಡಿಯೇಟರ್ ಫ್ಯಾನ್ ಬಿಡದೆ ತಿರುಗಿ, ಮುಂದಿರುವ ಕೂಲರಿನ ಮೂಲಕವೂ ಗಾಳಿ ಎಳೆಯುತ್ತದೆ. ಏರಿನಲ್ಲಿ ಲಿವರನ್ನು ಎಲ್ ಸ್ಥಾನಕ್ಕೆ ಹಾಕಿ ಎಂಜಿನ್ ಸುತ್ತನ್ನು ಮೇಲಿಟ್ಟುಕೊಳ್ಳುವುದರಿಂದ ಆಯಿಲ್ ಪಂಪೂ ಕೂಲಂಟ್ ಪಂಪೂ ಚುರುಕಾಗಿ ತಿರುಗುತ್ತವೆ. ಏರಿನಲ್ಲಿ ನಿಂತಾಗ ಬ್ರೇಕಿನ ಬದಲು ಆಕ್ಸಿಲರೇಟರಿನಿಂದ ಕಾರನ್ನು ಹಿಡಿದಿಡುವ ಚಟವಂತೂ ಕನ್ವರ್ಟರನ್ನು ಒಲೆಯ ಮೇಲಿಟ್ಟಂತೆ.

ಜುಲೈಯಲ್ಲಿ ಎಣಿಸದ ಎರಡು ಸಂಗತಿಗಳು ನಡೆದವು. ಕೂಲರಿಗೆ ಜಾಗ ಮಾಡಲು ಹಾರ್ನನ್ನು ಪಕ್ಕಕ್ಕೆ ಸರಿಸುವಾಗ ಅದರ ಬಾಯಿ ಮೇಲ್ಮುಖವಾಗಿತ್ತು. ಒಂದು ವಾರದ ಮಳೆ ಕುಡಿದು ಅದು ಗಂಟಲು ಕಟ್ಟಿದ ಹುಂಜದಂತೆ ಕೂಗತೊಡಗಿತು. ತಿರುಗಿಸಿ ಬಿಗಿದದ್ದರಿಂದ ಸರಿಹೋಯಿತು. ಎರಡನೆಯದು ಗಂಭೀರವಾದದ್ದು: ಎಡೆಬಿಡದ ಮಳೆಯಲ್ಲಿ ಕುಂದಾಪುರದವರೆಗೆ ಹೋಗಿ ಬರುವಾಗ ಆಯಿಲ್ 58 ಡಿಗ್ರಿಗಿಂತ ಮೇಲೇರಲೇ ಇಲ್ಲ. ರಸ್ತೆಯ ನೀರು ಸಿಡಿದು ಕೂಲರನ್ನು ನೆನೆಸುತ್ತಲೇ ಇತ್ತು. ಅತಿ ಬಿಸಿಯಂತೆ ಅತಿ ತಂಪೂ ಕೇಡೇ. ದಪ್ಪಗಿರುವ ಆಯಿಲ್ಲನ್ನು ನೂಕಲು ಪಂಪ್ ಎಂಜಿನ್ನಿನ ಶಕ್ತಿಯನ್ನು ತಿನ್ನುತ್ತದೆ. ಕರಾವಳಿಗೆ ಥರ್ಮೋಸ್ಟಾಟ್ ಏಕೆ ಎಂದು ಮೊದಲು ಉಡಾಫೆ ಮಾಡಿದ್ದವನು, 80 ಡಿಗ್ರಿಗೆ ತೆರೆದುಕೊಳ್ಳುವ ನಾಲ್ಕು ಬಾಯಿಯ ಥರ್ಮೋಸ್ಟಾಟ್ ತರಿಸಿ ಕೂಲರಿನ ಎರಡು ಹೋಸ್‌ಗಳ ನಡುವೆ ಸೇರಿಸಿದೆ. ಆಯಿಲ್ ತಣ್ಣಗಿರುವಾಗ ಅದು ಹೆಚ್ಚಿನ ಹರಿವನ್ನು ಕೂಲರಿಗೆ ಕಳಿಸದೆ ನೇರ ಹಿಂದಿರುಗಿಸುತ್ತದೆ.

ಆಗಸ್ಟ್ ಕೊನೆಯ ಅಳತೆಗಳು ಹೀಗಿವೆ: ಮಳೆಯಲ್ಲಿ ಸಮತಟ್ಟು ರಸ್ತೆಯ ನೆಲೆ 76 ಡಿಗ್ರಿ, ಮಳೆಯಿಲ್ಲದ ಒಂದು ದಿನ, ನಾಲ್ವರ ಭಾರದಲ್ಲಿ, ಸರ್ಕಾರಿ ಬಸ್ಸಿನ ಹಿಂದೆಯೇ ಇಡೀ ಘಾಟಿ ಹತ್ತಿದಾಗಿನ ಗರಿಷ್ಠ 95. ಥರ್ಮೋಸ್ಟಾಟಿನ ಒಂದು ಕ್ಲಿಪ್ಪಿನ ಬುಡದಲ್ಲಿ ಆಯಿಲ್ಲಿನ ತೇವ ಕಂಡಿತು, ಅರ್ಧ ಸುತ್ತು ಬಿಗಿದು ಒರೆಸಿದ್ದೇನೆ. ಎಲ್ಲ ಕ್ಲಿಪ್ಪುಗಳ ತಿರುಪಿನ ಮೇಲೆ ಬಿಳಿ ಬಣ್ಣದ ಗೆರೆ ಎಳೆದಿರುವುದರಿಂದ ಸಡಿಲವಾದರೆ ಬಾನೆಟ್ ಎತ್ತಿದ ಕೂಡಲೇ ತಿಳಿಯುತ್ತದೆ. ಅಯಸ್ಕಾಂತಗಳನ್ನು ಮತ್ತೆ ನೋಡುವುದು ಓಡೋಮೀಟರ್ 95,000 ಮುಟ್ಟಿದಾಗ. ಅಷ್ಟರವರೆಗೆ ಪ್ರತಿ ಮಳೆಗಾಲ ಮುಗಿದ ಮೇಲೆ ಕಂಡೆನ್ಸರನ್ನು ವಾಲಿಸಿ ಆ ಸಂದಿಗೆ ಟಾರ್ಚ್ ಬಿಡುವುದು.